ಇಬ್ರಾಹಿಂ ರೋಜಾ: ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವ ಕಟ್ಟಡವಲ್ಲ

ಮಾನ್ಯ ಸಂಪಾದಕರೇ,

ಶೈಕ್ಷಣಿಕ ಪ್ರವಾಸದ ಕಾಲ ಬಂತೆಂದರೆ ವಿಜಯಪುರದ ಗೋಳಗುಮ್ಮಟದ ಮುಂದೆ ಶಾಲಾ ಬಸ್ಸುಗಳು ಸಾಲುಗಟ್ಟುತ್ತವೆ. ಮಕ್ಕಳು ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಗುಟ್ಟುವುದನ್ನು ಬಿಟ್ಟು ಗಂಟಲು ಹರಿಯುವಂತೆ ಕೂಗಿ, ಇಳಿದು ಬರುತ್ತಾರೆ. ಊರಿನ ಪಶ್ಚಿಮಕ್ಕೆ, ಹಳೆಯ ಕೋಟೆಗೋಡೆಯ ಆಚೆಗಿರುವ, ಸಮಾಧಿ ಮತ್ತು ಮಸೀದಿಗಳ ಜೋಡಿಯಾದ ಇಬ್ರಾಹಿಂ ರೋಜಾ ಪ್ರವಾಸದ ಪಟ್ಟಿಯಲ್ಲಿದ್ದರೂ ಅದರ ಪಾಲಿಗೆ ಉಳಿಯುವುದು ಹೆಚ್ಚೆಂದರೆ ಅರ್ಧ ಗಂಟೆ. ಪ್ರವಾಸ ಏರ್ಪಡಿಸುವ ಶಿಕ್ಷಕರ ಗಮನವನ್ನು ಈ ಕಡೆ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ವಿಜಯಪುರದ ಸುಲ್ತಾನ ಮಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದ ಹಿರಿಮೆ ಅದರ ಗಾತ್ರದಲ್ಲಿದೆ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟದ ಕೆಳಗೆ ನಿಂತವನಿಗೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಮಹಮ್ಮದನ ತಂದೆ ಇಮ್ಮಡಿ ಇಬ್ರಾಹಿಮನ ಗೋರಿಯಾದ ರೋಜಾದ ಬಗೆ ಬೇರೆ. ರಾಣಿ ತಾಜ್ ಸುಲ್ತಾನಾಳಿಗೆಂದು ಮಲಿಕ್ ಸಂದಲ್ ಎಂಬಾತ ಕಟ್ಟಿಸಿದ ಈ ಸಮಾಧಿಯಲ್ಲಿ, 1627ರಲ್ಲಿ ತೀರಿಕೊಂಡ ಇಬ್ರಾಹಿಮನೂ ಕುಟುಂಬದವರೊಂದಿಗೆ ಮಲಗಿದ್ದಾನೆ. ಒಂದೇ ಎತ್ತರದ ಜಗಲಿಯ ಮೇಲೆ ಸಮಾಧಿಯೂ ಮಸೀದಿಯೂ ಎದುರುಬದುರಾಗಿವೆ, ನಡುವೆ ಕಾರಂಜಿಯ ಕೊಳವಿದೆ. ಸಮಾಧಿಯ ಹೊರಗೋಡೆಯಲ್ಲಿ ಬರಿದಾದ ಜಾಗ ಹುಡುಕಿದರೂ ಸಿಗುವುದು ಕಷ್ಟ: ಬಳ್ಳಿ, ಹೂವು, ರೇಖಾಚಿತ್ತಾರ, ಎಲ್ಲಕ್ಕಿಂತ ಹೆಚ್ಚಾಗಿ ಬರಹ. ಕಿಟಕಿಗಳ ಜಾಲಂಧ್ರಗಳನ್ನೂ ಅರಬ್ಬಿ ಅಕ್ಷರಗಳಿಂದಲೇ ರೂಪಿಸಿದ್ದಾರೆ. ಅಕ್ಷರಗಳ ಸುತ್ತಲ ಕಲ್ಲನ್ನು ಆರಪಾರ ಕೊರೆದು ತೆಗೆದಿರುವುದರಿಂದ ಬೆಳಕು ಆ ಸಂದುಗಳ ಮೂಲಕವೇ ಒಳಗೆ ಬೀಳುತ್ತದೆ. ಒಳಗಿನ ಕೋಣೆ ಅಂದಾಜು 40 ಅಡಿ ಚೌಕವಿದ್ದು, ಅದರ ಮೇಲಿನ ಚಪ್ಪಟೆ ಕಲ್ಲುಚಾವಣಿಗೆ ನಡುವೆ ಒಂದು ಕಂಬವಾಗಲಿ ತೊಲೆಯಾಗಲಿ ಕಾಣುವುದಿಲ್ಲ. ಅಂಚಿನಿಂದ ಬಾಗಿ ಒಳಚಾಚಿದ ಕಲ್ಲುಗಳೂ ಚಪ್ಪಡಿಗಳನ್ನು ಬಿಗಿದ ಗಾರೆಯೂ ಈ ಭಾರವನ್ನು ಹೊತ್ತಿವೆ. ಹೊರಗಿನಿಂದ ಅಷ್ಟು ಚೆಂದ ಕಾಣುವ ಗುಮ್ಮಟ ಒಳಗಿನಿಂದ ಕಾಣದಿರುವುದೂ ಈ ಚಾವಣಿಯಿಂದಲೇ. ಗಣಿತದಲ್ಲೋ ವಿಜ್ಞಾನದಲ್ಲೋ ಆಸಕ್ತಿಯಿರುವ ಮಗುವಿಗೆ ಇದೊಂದೇ ಸಾಕು, ಆದರೆ ತಲೆಯೆತ್ತಿ ನೋಡು ಎನ್ನುವವರು ಪಕ್ಕದಲ್ಲಿರಬೇಕು.

ತೊಡಕಿರುವುದು ಅಲ್ಲಿಯೇ. ಗೋಡೆಯ ತುಂಬ ಬರಹವಿದೆ, ಓದಬಲ್ಲವರು ಕೆಲವರೇ. ಕುರಾನಿನ ವಚನ ಯಾವುದು, ಕಟ್ಟಡದ ಹೊಗಳಿಕೆ ಯಾವುದು, ಕಟ್ಟಿಸಿದವನ ಹೆಸರಿರುವುದು ಎಲ್ಲಿ ಎಂಬುದನ್ನು ಆಯಾ ಗೋಡೆಯ ಬಳಿಯೇ ಸರಳ ಕನ್ನಡದಲ್ಲಿ ತಿಳಿಸುವ ಏರ್ಪಾಡು ಆಗಬೇಕು. ಪ್ರವೇಶದ್ವಾರದ ಬಳಿ ಇಸವಿ ಮತ್ತು ಅಳತೆಗಳನ್ನು ಹೇಳುವ ಫಲಕ ಈ ಕೆಲಸ ಮಾಡಲಾರದು. ಇಲ್ಲಿ ಮಲಗಿರುವವನು ಸರಸ್ವತಿಯನ್ನು ಸ್ತುತಿಸಿ ದಖನಿ ಭಾಷೆಯಲ್ಲಿ ಹಾಡು ಕಟ್ಟಿದ, ‘ಜಗದ್ಗುರು ಬಾದಶಹಾ’ ಎಂದು ಹೆಸರಾದ ಸಂಗೀತಪ್ರಿಯ ಅರಸ ಎಂಬುದನ್ನು ಅರಿಯದೆ ಮಕ್ಕಳು ಊರಿಗೆ ಮರಳಿದರೆ ಆ ಪ್ರವಾಸಕ್ಕೆ ‘ಶೈಕ್ಷಣಿಕ’ ಎಂಬ ವಿಶೇಷಣ ಏಕೆ ಬೇಕೋ ತಿಳಿಯದು.

ಇದನ್ನು ‘ದಖ್ಖನಿನ ತಾಜಮಹಲ್’ ಎಂದು ಪರಿಚಯಿಸುವ ರೂಢಿಯೂ ನನಗೆ ಒಪ್ಪಿಗೆಯಲ್ಲ. ತಾಜಮಹಲಿನ ಕೆಲಸ ಆರಂಭವಾದದ್ದು 1632ರ ಸುಮಾರಿಗೆ, ಅಷ್ಟರಲ್ಲಿ ಇದು ಕಟ್ಟಿ ಮುಗಿದಿತ್ತು. ತನಗಿಂತ ಕಿರಿಯ ಕಟ್ಟಡದ ಹೆಸರನ್ನು ಇದು ಕಡ ಪಡೆಯಬೇಕಾಗಿಲ್ಲ.

ಇನ್ನೊಂದು ಮಾತು. ಕೆತ್ತನೆಯ ಪಕ್ಕದಲ್ಲೇ ಮೊಳೆಯಿಂದ ಹೆಸರು ಗೀಚುವ ಚಾಳಿ ಎಲ್ಲ ಸ್ಮಾರಕಗಳಿಗೂ ಅಂಟಿದ ಪಿಡುಗು. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಇದನ್ನು ಬಸ್ಸಿನಿಂದ ಇಳಿಯುವ ಮೊದಲೇ ಮಕ್ಕಳಿಗೆ ತಿಳಿಸಿಬಿಡುವುದು ಲೇಸು.

ಪ್ರವಾಸದ ವೇಳಾಪಟ್ಟಿಯಲ್ಲಿ ರೋಜಾಕ್ಕೆ ಕನಿಷ್ಠ ಒಂದೂವರೆ ಗಂಟೆ ಮೀಸಲಿಡಬೇಕೆಂದೂ, ಕನ್ನಡದಲ್ಲಿ ವಿವರಿಸಬಲ್ಲ ಮಾರ್ಗದರ್ಶಕರನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂದೂ ಶಾಲೆಗಳಲ್ಲಿ ನನ್ನ ವಿನಂತಿ. ಗೋಡೆಬರಹಗಳ ಕನ್ನಡ ಅನುವಾದವುಳ್ಳ ಒಂದು ಕಿರುಹೊತ್ತಿಗೆ ಟಿಕೆಟ್ ಕೌಂಟರಿನಲ್ಲೇ ಸಿಗುವಂತಾದರೆ, ಮಾರ್ಗದರ್ಶಕರು ಸಿಗದ ದಿನವೂ ಬಂದವರಿಗೆ ಅನುಕೂಲವಾದೀತು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ