ನಡಾವಳಿ ಓದುವವರೆಗೆ ಏಳಬೇಡಿ

ಮಾನ್ಯರೇ,

‘ಅಹವಾಲು ಸಭೆ ನಡೆಸಿಯಾಯಿತಲ್ಲ, ಮತ್ತೆ ಯಾಕೆ ಚಳವಳಿ?’ ಎಂಬ ಧಾಟಿಯ ಪತ್ರವೊಂದು ಕಳೆದ ವಾರ ಇದೇ ಅಂಕಣದಲ್ಲಿತ್ತು. ಬರೆದವರು ಅಂಥ ಸಭೆಯಲ್ಲಿ ಕೊನೆಯವರೆಗೆ ಕೂತಿದ್ದಾರೆಯೇ ಗೊತ್ತಿಲ್ಲ. ನಾನು ಕೂತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಕರಾವಳಿಯ ಯೋಜನೆಯೊಂದಕ್ಕೆ ಪರಿಸರ ಅನುಮತಿ ಕೊಡುವ ಮೊದಲು ಜನರ ಮಾತು ಕೇಳಲೆಂದು ಕರೆದ ಸಭೆ. ಶಾಮಿಯಾನದಲ್ಲಿ ಜನ ಎಷ್ಟೋ ಪೊಲೀಸರೂ ಹೆಚ್ಚುಕಡಿಮೆ ಅಷ್ಟೇ. ಅರವತ್ತು ದಾಟಿದ, ಮೀನು ಮಾರುವ ಅಮ್ಮನೊಬ್ಬರು ಖಾಲಿ ಬುಟ್ಟಿಯನ್ನು ಕುರ್ಚಿಯ ಕೆಳಗೆ ತಳ್ಳಿ ಮೈಕಿನ ಹತ್ತಿರ ಹೋದರು. ‘ಅಳಿವೆಗೆ ಕಲ್ಲು ತುಂಬಿದ್ರೆ ಬಳಚು ಹೆಕ್ಕೂಕೆ ನಾವು ಎಲ್ಲಿ ಹೋಗ್ಬೇಕು ಸಾಹೇಬ್ರೆ? ನೀರು ತಿರುಗಿ ಗಜನಿಗೆ ಬಂದ್ರೆ ಕಟ್ಟೆ ಯಾರು ಹಾಕ್ತ್ರಿ?’ ಎಂದು ಎರಡೇ ಪ್ರಶ್ನೆ ಕೇಳಿ ಬಂದು ಕೂತರು. (ಬಳಚು ಅಂದರೆ ಚಿಪ್ಪುಮೀನು, ಗಜನಿ ಅಂದರೆ ಉಪ್ಪುನೀರು ನುಗ್ಗುವ ಗದ್ದೆ.) ತಿಂಗಳುಗಳ ನಂತರ ನಡಾವಳಿಯ, ಅಂದರೆ ಸಭೆಯಲ್ಲಿ ಆಡಿದ ಮಾತುಗಳ ದಾಖಲೆಯ, ಪ್ರತಿ ಕೈಗೆ ಸಿಕ್ಕಿತು. ಅವರ ಮಾತಿದ್ದ ಜಾಗದಲ್ಲಿ ಒಂದೇ ಸಾಲು: ‘ಸ್ಥಳೀಯ ಮಹಿಳೆಯರು ಉದ್ಯೋಗಾವಕಾಶ ಕೋರಿದರು.’

ಇದಕ್ಕೆ ಅವಕಾಶವಿರಬಾರದೆಂದೇ ನಿಯಮವಿದೆ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜನ ಹೇಳಿದ್ದರ ಸಾರಾಂಶವನ್ನು ಸಭೆಯ ಕೊನೆಗೆ ಅಲ್ಲಿಯೇ ಸ್ಥಳೀಯ ಭಾಷೆಯಲ್ಲಿ ಓದಿ, ವಿವರಿಸಿ, ಒಪ್ಪಿತವಾದ ನಡಾವಳಿಗೆ ಅಧ್ಯಕ್ಷತೆ ವಹಿಸಿದ ಅಧಿಕಾರಿ ಅದೇ ದಿನ ಸಹಿ ಹಾಕಬೇಕು. ಅನಂತರ ಅದು ಪಂಚಾಯಿತಿ ಕಚೇರಿಯಲ್ಲೂ ಎಲ್ಲರಿಗೆ ಕಾಣುವಂತಿರಬೇಕು. (ಅದೇ ಅಧಿಸೂಚನೆಯಲ್ಲಿ ಸಭೆಗೆ ಕೋರಂ, ಅಂದರೆ ಇಷ್ಟು ಜನ ಇರಲೇಬೇಕೆಂಬ ಲೆಕ್ಕ, ಬೇಕಿಲ್ಲ ಎಂದೂ ಇದೆ. ನಾವು ಬಹಿಷ್ಕರಿಸಿ ಹೊರನಡೆದರೂ ಸಭೆ ‘ನಡೆದ’ ಲೆಕ್ಕವೇ.)

ಅಂದು ನಡಾವಳಿ ಓದಲಿಲ್ಲ. ‘ಎಲ್ಲ ಬರೆದುಕೊಂಡಿದ್ದೇವೆ’ ಎಂದರು, ಮೈಕ್ ಆಫ್ ಆಯಿತು. ತಪ್ಪು ಅಧಿಕಾರಿಗಳದ್ದು ಮಾತ್ರ ಎಂದು ಬರೆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಭಾಷಣ ಮಾಡಿದ ಮುಖಂಡರು ಫೋಟೊ ತೆಗೆಸಿಕೊಂಡು ಊಟದ ಹೊತ್ತಿಗೇ ಹೋಗಿದ್ದರು. ಉಳಿದವರು ಸಂಜೆಯ ಬಸ್ಸಿಗೆಂದು ಎದ್ದರು. ‘ಓದಿ ಹೇಳಿ’ ಎಂದು ಎದ್ದು ನಿಂತು ಕೇಳಬೇಕಿದ್ದ ನಾನೂ, ಮೂವತ್ತು ವರ್ಷ ಮೇಷ್ಟರಾಗಿ ಮಕ್ಕಳಿಗೆ ಪೌರನೀತಿ ಕಲಿಸಿದವನು, ಸುಮ್ಮನೆ ಚೀಲ ಹೆಗಲಿಗೇರಿಸಿದೆ.

ಸಭೆಯಲ್ಲಿ ದಾಖಲಾಗದ ಮಾತು ಬೀದಿಗೆ ಬರುತ್ತದೆ. 2020ರ ಜನವರಿಯಲ್ಲಿ ವಾಣಿಜ್ಯ ಬಂದರು ವಿಸ್ತರಣೆ ವಿರೋಧಿಸಿ ಕಾರವಾರದ ಮೀನುಗಾರರು ಬೀದಿಗಿಳಿದದ್ದನ್ನು ಯಾರೂ ಮರೆತಿಲ್ಲ. ಆದರೆ ಬೀದಿಗೆ ಬಂದರೆ ನಿಷೇಧಾಜ್ಞೆ ಕಾದಿರುತ್ತದೆ. ಮೊದಲು 144ನೇ ಸೆಕ್ಷನ್ ಎನ್ನುತ್ತಿದ್ದುದು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಆಗಿದೆ. ನಂಬರ್ ಬದಲಾಗಿದೆ, ಲಾಠಿ ಅದೇ. ನ್ಯಾಯವಾದ ಅಭಿಪ್ರಾಯವನ್ನೋ ಅಹವಾಲನ್ನೋ ಹತ್ತಿಕ್ಕಲು ಈ ಅಧಿಕಾರ ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ. ಆಜ್ಞೆ ಹೊರಡಿಸುವ ಮೇಜಿನವರೆಗೆ ಆ ತೀರ್ಪು ಎಷ್ಟು ಸಲ ತಲುಪಿದೆಯೋ!

ಚಳವಳಿ ಎಂದರೆ ಹೊರಗಿನವರ ಕಿತಾಪತಿ ಎಂದೂ ಆ ಪತ್ರಲೇಖಕರು ಬರೆದಿದ್ದಾರೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದದ್ದು, 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತದ್ದು ಯಾವ ಊರಿನ ಕಿತಾಪತಿ? ಈ ಅಪ್ಪಿಕೋ ಚಳವಳಿ ಹಬ್ಬಿದ ಮೇಲೆ ಹಸಿಮರ ಕಡಿಯುವುದಕ್ಕೆ ಸರ್ಕಾರವೇ ತಡೆ ಹಾಕಿತು. ಈಗ ಶಾಲಾ ಪುಸ್ತಕದಲ್ಲಿ ಅದು ಪಾಠ.

ಯೋಜನೆ ಬೇಕೋ ಬೇಡವೋ ಎಂಬುದರಲ್ಲಿ ನಮ್ಮ ಮನೆಯೊಳಗೇ ಎರಡು ಪಕ್ಷವಿದೆ, ಮಗ ಬೇಕೆನ್ನುತ್ತಾನೆ. ಇರಲಿ. ಅವನು ಹೇಳಿದ್ದೂ ಹೇಳಿದ ಹಾಗೇ ದಾಖಲಾಗಬೇಕು.

ಮುಂದಿನ ಸಭೆಗೆ ಹೋಗುವವರಲ್ಲಿ ಒಂದು ವಿನಂತಿ: ರಾತ್ರಿಯ ಬುತ್ತಿ ಕಟ್ಟಿಕೊಂಡೇ ಬನ್ನಿ, ನಡಾವಳಿ ಓದಿ ಸಹಿ ಬೀಳುವವರೆಗೆ ಏಳಬೇಡಿ. ಸಂಪಾದಕರೇ, ನಿಮ್ಮ ವರದಿಗಾರರನ್ನೂ ಮಧ್ಯಾಹ್ನಕ್ಕೇ ವಾಪಸ್ ಕರೆಸಿಕೊಳ್ಳಬೇಡಿ. ಅವರಿಗೂ ಸೇರಿಸಿ ನಾನು ಎರಡು ರೊಟ್ಟಿ ಹೆಚ್ಚಿಗೆ ತರುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಅಂಕೋಲಾ