ಹಂಪ್ಸ್ ಇರಲಿ, ಆದರೆ ಕಣ್ಣಿಗೆ ಕಾಣಲಿ: ಲೋಕೋಪಯೋಗಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಲೋಕೋಪಯೋಗಿ ಸಚಿವರೇ, ನಮಸ್ಕಾರ.

ನಾನು ತಿಪಟೂರು ತಾಲ್ಲೂಕಿನವನು. ಸ್ವಲ್ಪ ತೆಂಗಿನ ತೋಟ ಇದೆ, ಜೊತೆಗೆ ಒಂದು ಸಣ್ಣ ಜೆರಾಕ್ಸ್ ಅಂಗಡಿ. ಹೋದ ವರ್ಷ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕಿತು. ಆ ದುಡ್ಡಿಗೆ ಸ್ವಲ್ಪ ಸಾಲ ಸೇರಿಸಿ 2014ರ ಒಂದು ಸೆಕೆಂಡ್ ಹ್ಯಾಂಡ್ ವ್ಯಾಗನ್ ಆರ್ ಕೊಂಡೆ. ಅಮ್ಮನಿಗೆ ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವರು ಪಡುತ್ತಿದ್ದ ಕಷ್ಟ ನೋಡಲಾಗದೆ ತೆಗೆದುಕೊಂಡ ಗಾಡಿ ಅದು. ನಮ್ಮ ಮನೆಗೆ ಬಂದ ಮೊದಲ ಕಾರು.

ನಾನು ಬರೆಯುತ್ತಿರುವುದು ನಮ್ಮ ರಸ್ತೆಗಳ ಹಂಪ್ಸ್ ಬಗ್ಗೆ.

ಫೆಬ್ರವರಿಯಲ್ಲಿ ಒಂದು ಸಂಜೆ ಹುಳಿಯಾರು ಕಡೆ ನಾಮಕರಣ ಮುಗಿಸಿಕೊಂಡು ವಾಪಸ್ ಬರುತ್ತಿದ್ದೆವು. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಎರಡು ಚೀಲ ತೆಂಗಿನಕಾಯಿ. ಏಳೂವರೆ ಆಗಿತ್ತು. ಎದುರಿಗೆ ಒಂದು ಲಾರಿ ಹೈ ಬೀಮ್ ಹಾಕಿಕೊಂಡು ಬಂತು. ಕಣ್ಣಿಗೆ ಏನೂ ಕಾಣಲಿಲ್ಲ. ಲಾರಿ ದಾಟುತ್ತಿದ್ದಂತೆ ಮುಂದಿನ ಚಕ್ರ ಎದ್ದು ಬಿತ್ತು, ಕಾರಿನ ಹೊಟ್ಟೆಯಡಿ ಧಡ್ ಅಂತ ಸದ್ದಾಯಿತು. ಹಿಂದೆ ಕೂತಿದ್ದ ಅಮ್ಮ ಮೇಲಕ್ಕೆ ಎಗರಿ ತಲೆ ತಗುಲಿಸಿಕೊಂಡರು. ನೂರು ಮೀಟರ್ ಹೋಗಿದ್ದೆವೋ ಇಲ್ಲವೋ, ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿ ಚಿತ್ರದ ಕೆಂಪು ದೀಪ ಹತ್ತಿಕೊಂಡಿತು. ತಕ್ಷಣ ಇಂಜಿನ್ ಆಫ್ ಮಾಡಿದೆ. ಇಳಿದು ಮೊಬೈಲ್ ಟಾರ್ಚ್ ಬಿಟ್ಟರೆ ನಾವು ಬಂದ ದಾರಿಯುದ್ದಕ್ಕೂ ಒಂದು ಕಪ್ಪು ಗೆರೆ. ಬೆರಳಲ್ಲಿ ಮುಟ್ಟಿ ನೋಡಿದೆ. ಬಿಸಿ ಬಿಸಿ ಆಯಿಲ್. ಚೇಂಬರ್ ಒಡೆದಿತ್ತು.

ಇಂಜಿನ್ ಕೆಳಗೆ ಆಯಿಲ್ ತುಂಬಿಕೊಂಡಿರುವ ತಗಡಿನ ತೊಟ್ಟಿಯನ್ನು ನಮ್ಮ ಮೆಕ್ಯಾನಿಕ್‌ಗಳು ಚೇಂಬರ್ ಅನ್ನುತ್ತಾರೆ. ಅದು ಒಡೆದದ್ದು ಗೊತ್ತಾಗದೆ ಗಾಡಿ ಓಡಿಸುತ್ತಾ ಹೋದರೆ ಇಂಜಿನ್ ಸೀಜ್ ಆಗುತ್ತದೆ, ಅಂದರೆ ಒಳಗಿನ ಭಾಗಗಳು ಕಾದು ಹಿಡಿದುಕೊಂಡು ನಿಂತೇಹೋಗುತ್ತದೆ. ಎಷ್ಟೋ ಜನಕ್ಕೆ ಇದು ತಿಳಿದಿರುವುದಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ: ಆಯಿಲ್ ಸೋರಿ ಇಂಜಿನ್ ಹೋದರೆ ಸಾಮಾನ್ಯ ಇನ್ಶೂರೆನ್ಸ್‌ನಲ್ಲಿ ದುಡ್ಡು ಬರುವುದಿಲ್ಲ. ಇಂಜಿನ್ ಪ್ರೊಟೆಕ್ಷನ್ ಅಂತ ಬೇರೆ ದುಡ್ಡು ಕಟ್ಟಿ ಸೇರಿಸಿಕೊಂಡಿರಬೇಕು. ನನ್ನ ಹತ್ತಿರ ಅದು ಇರಲಿಲ್ಲ. ಕೆಂಪು ದೀಪ ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ. ಟೋಯಿಂಗ್, ಹೊಸ ಚೇಂಬರ್, ಪ್ಯಾಕಿಂಗ್, ಆಯಿಲ್, ಕೂಲಿ ಎಲ್ಲ ಸೇರಿ ಒಂಬತ್ತು ಸಾವಿರದ ನಾನೂರು ರೂಪಾಯಿಗೆ ಮುಗಿಯಿತು.

ಟೋಯಿಂಗ್ ಗಾಡಿ ಬರುವವರೆಗೆ ಎರಡು ಗಂಟೆ ಅಲ್ಲೇ ಒಂದು ಟೀ ಅಂಗಡಿಯಲ್ಲಿ ಕೂತಿದ್ದೆವು. ಅಂಗಡಿಯವರು ಅಮ್ಮನಿಗೆ ತಣ್ಣೀರಿನ ಬಟ್ಟೆ ಕೊಟ್ಟರು, ಬಿಸಿ ಹಾಲು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಈ ಹಂಪ್ಸ್ ಯಾರು ಹಾಕಿದ್ದು ಅಂತ ಕೇಳಿದೆ. "ನಾವೇ ಹಾಕಿದ್ದು ಸಾರ್" ಅಂದರು. ಹಿಂದಿನ ವರ್ಷ ಶಾಲೆ ಬಿಟ್ಟು ರಸ್ತೆ ದಾಟುತ್ತಿದ್ದ ಒಂದು ಹುಡುಗಿಗೆ ಟಿಪ್ಪರ್ ಹೊಡೆಯಿತಂತೆ. ಮಗು ಉಳಿಯಿತು, ಆದರೆ ಇವತ್ತಿಗೂ ಕಾಲು ಎಳೆದುಕೊಂಡು ನಡೆಯುತ್ತಾಳೆ. ಹಂಪ್ಸ್ ಬೇಕು ಅಂತ ಊರವರು ಅರ್ಜಿ ಕೊಟ್ಟು ಮೂರು ತಿಂಗಳು ಕಾದರು. ಯಾರೂ ಬರಲಿಲ್ಲ. ಕೊನೆಗೆ ಒಂದು ರಾತ್ರಿ ಟ್ರ್ಯಾಕ್ಟರ್‌ನಲ್ಲಿ ಜಲ್ಲಿ, ಸಿಮೆಂಟು ತಂದು ತಾವೇ ಹಾಕಿಕೊಂಡರು.

ನಾನು ಆ ಊರಿನವನಾಗಿದ್ದರೆ ನಾನೂ ಸಲಿಕೆ ಹಿಡಿಯುತ್ತಿದ್ದೆ ಸಾರ್. ಹಾಗಾಗಿ ಹಂಪ್ಸ್ ತೆಗೆಸಿ ಅಂತ ಕೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಅಲ್ಲಿ ವೇಗ ಕಡಿಮೆ ಆಗಲೇಬೇಕು. ಆದರೆ ಆ ಮಗುವನ್ನು ಕಾಪಾಡಬೇಕಾದ ಹಂಪ್ಸ್ ಬೇರೆ ಯಾರದೋ ಮಗುವಿನ ಜೀವಕ್ಕೆ ಕುತ್ತಾಗಬಾರದು ಅಲ್ವಾ?

ಮುಂದಿನ ವಾರ ಟೇಪು ತೆಗೆದುಕೊಂಡು ಹೋಗಿ ಅಳೆದೆ. ಎತ್ತರ ಏಳೂವರೆ ಇಂಚು, ಅಗಲ ಬರೀ ಎರಡು ಅಡಿ. ರಸ್ತೆಗೆ ಅಡ್ಡ ಒಂದು ಪುಟ್ಟ ಗೋಡೆ ಕಟ್ಟಿದ ಹಾಗೆ. ನನ್ನ ಕಾರಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಜಾಗ, 165 ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ ಆರೂವರೆ ಇಂಚು. ಅದೂ ಖಾಲಿ ಇದ್ದಾಗ. ಐದು ಜನ ಕೂತರೆ ಇನ್ನೂ ಕೆಳಗೆ ಇಳಿಯುತ್ತದೆ. ರಸ್ತೆ ಹೇಗೆ ಕಟ್ಟಬೇಕು ಅಂತ ಮಾನದಂಡ ಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಇದಕ್ಕೆ ಅಳತೆ ಹೇಳಿದೆ. ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ನಾಲ್ಕು ಇಂಚು ಎತ್ತರ, ಹನ್ನೆರಡು ಅಡಿ ಅಗಲ. ಮೇಲೆ ಕಪ್ಪು ಬಿಳುಪು ಪಟ್ಟೆ, 40 ಮೀಟರ್ ಮುಂಚೆ ಒಂದು ಬೋರ್ಡು. ಇಂಥ ಹಂಪ್ಸ್ ಮೇಲೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಯಾರಿಗೂ ಏಟಾಗದೆ ದಾಟಬಹುದು. ಜೋರಾಗಿ ಬಂದವನಿಗೆ ಮಾತ್ರ ಕುಲುಕುತ್ತದೆ. ಊರವರು ಕೇಳಿದ್ದೂ ಇದನ್ನೇ.

ಕಾರಿನ ಚೇಂಬರ್ ದುಡ್ಡು ಕೊಟ್ಟರೆ ಸರಿಹೋಗುತ್ತದೆ. ನನಗೆ ಹೊಟ್ಟೆಯಲ್ಲಿ ಸಂಕಟ ಆಗುವುದು ಬೈಕಿನಲ್ಲಿ ಹೋಗುವವರನ್ನು ನೋಡಿದಾಗ. ನಮ್ಮ ಕಡೆ ಹೆಂಗಸರು ಒಂದೇ ಕಡೆಗೆ ಕಾಲು ಹಾಕಿ ಕೂರುತ್ತಾರೆ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ. ಹಿಡಿದುಕೊಳ್ಳುವುದಕ್ಕೆ ಮೂರನೇ ಕೈ ಇಲ್ಲ. ಬಣ್ಣ ಇಲ್ಲದ ಹಂಪ್ಸ್ ಮೇಲೆ ಬೈಕ್ ಎಗರಿದರೆ ಅವರು ಹಿಂದಕ್ಕೆ ಬೀಳುತ್ತಾರೆ, ತಲೆ ಡಾಂಬರಿಗೆ ಬಡಿಯುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲೇ 2015ರಲ್ಲಿ ದೇಶದಲ್ಲಿ ಹಂಪ್ಸ್‌ನಿಂದ 11 ಸಾವಿರಕ್ಕೂ ಹೆಚ್ಚು ಅಪಘಾತ ಆಗಿ, 3,400ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ದಿನಕ್ಕೆ ಒಂಬತ್ತು ಜನ. 108 ಆಂಬುಲೆನ್ಸ್‌ನಲ್ಲಿ ಸೊಂಟ ಮುರಿದವರನ್ನೋ ತುಂಬು ಗರ್ಭಿಣಿಯನ್ನೋ ಇದೇ ದಾರಿಯಲ್ಲಿ ಕರೆದುಕೊಂಡು ಹೋಗಬೇಕು. ಡ್ರೈವರ್ ಎಷ್ಟು ನಿಧಾನಕ್ಕೆ ಇಳಿಸಿದರೂ ಏಳೂವರೆ ಇಂಚು ಏಳೂವರೆ ಇಂಚೇ.

ಇದನ್ನು ಯಾರ ಹತ್ತಿರ ಹೇಳಬೇಕು ಅನ್ನುವುದೇ ನಮ್ಮಂಥವರಿಗೆ ದೊಡ್ಡ ಗೊಂದಲ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ನಿಮ್ಮ ಇಲಾಖೆಯದು. ಹಳ್ಳಿ ರಸ್ತೆ ಪಂಚಾಯತ್ ರಾಜ್‌ನವರದು. ರಸ್ತೆ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ ಅಂತ ನನಗೆ ಗೊತ್ತಾದದ್ದೇ ಈ ಘಟನೆ ಆದಮೇಲೆ. ಆ ಟೀ ಅಂಗಡಿಯವರಿಗೆ ಇನ್ನೂ ಗೊತ್ತಿರಲಿಲ್ಲ, ನಾನೇ ಹೇಳಿ ಬಂದೆ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಪ್ರತಿ ತಾಲ್ಲೂಕಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ತಮ್ಮ ರಸ್ತೆಗಳಲ್ಲಿ ಒಂದು ಸಲ ಜೀಪಿನಲ್ಲಿ ಓಡಾಡಿ ಎಲ್ಲೆಲ್ಲಿ ಹಂಪ್ಸ್ ಇದೆ ಅಂತ ಪಟ್ಟಿ ಮಾಡಲಿ. ರಾತ್ರಿ ಹೊತ್ತು ಓಡಾಡಿದರೆ ಇನ್ನೂ ಒಳ್ಳೆಯದು, ಯಾವುದು ಕಾಣುತ್ತದೆ ಯಾವುದು ಕಾಣುವುದಿಲ್ಲ ಅಂತ ಗೊತ್ತಾಗುತ್ತದೆ. ಗೋಡೆಯಂಥವನ್ನು ಒಡೆದು ಅಳತೆ ಪ್ರಕಾರ ಹಾಕಲಿ. ಸುಮ್ನೆ ಒಡೆದು ಹೋದರೆ ಮಾತ್ರ ಊರವರು ಅದೇ ರಾತ್ರಿ ಮತ್ತೆ ಕಟ್ಟುತ್ತಾರೆ, ಅದು ಅವರ ತಪ್ಪೂ ಅಲ್ಲ. ಒಂದು ಊರಿನಿಂದ ಹಂಪ್ಸ್ ಬೇಕು ಅಂತ ಅರ್ಜಿ ಬಂದರೆ ಇಷ್ಟು ದಿನದಲ್ಲಿ ಎಂಜಿನಿಯರ್ ಸ್ಥಳಕ್ಕೆ ಬರಬೇಕು ಅಂತ ನೀವು ಆದೇಶ ಮಾಡಿ. ಆಗುವುದಿಲ್ಲ ಅನ್ನುವುದಾದರೂ ಬಂದು ನೋಡಿ, ಕಾರಣ ಹೇಳಿ ಹೋಗಲಿ.

ಇನ್ನು ಬಣ್ಣದ ವಿಷಯ. ಹೊಸದಾಗಿ ಡಾಂಬರು ಹಾಕಿದಾಗಲೇ ನಮಗೆ ಹೆಚ್ಚು ಅಪಾಯ. ರಸ್ತೆಯೂ ಕಪ್ಪು, ಹಂಪ್ಸೂ ಕಪ್ಪು. ರಸ್ತೆ ನುಣ್ಣಗಿರುತ್ತದೆ ಅಂತ ಎಲ್ಲರೂ ಜೋರಾಗಿ ಬರುತ್ತಾರೆ. ಎಷ್ಟೋ ಕಡೆ ಕಾಮಗಾರಿ ಮುಗಿದು ವಾರಗಟ್ಟಲೆ ಆದರೂ ಪಟ್ಟೆ ಬಳಿದಿರುವುದಿಲ್ಲ. ಪಟ್ಟೆ ಮತ್ತು ಬೋರ್ಡು ಹಾಕುವ ತನಕ ಆ ಕೆಲಸದ ಕೊನೇ ಬಿಲ್ ಪಾಸ್ ಮಾಡಬೇಡಿ. ಅಳತೆ ತಪ್ಪಿದ ರಸ್ತೆಯಿಂದ ಜೀವ ಹೋದರೆ ಕಾಂಟ್ರಾಕ್ಟರಿಗೂ ಅಧಿಕಾರಿಗೂ ಒಂದು ಲಕ್ಷದವರೆಗೆ ದಂಡ ಹಾಕಬಹುದು ಅಂತ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ಹೇಳುತ್ತದೆ. ಜೀವ ಹೋದಮೇಲೆ ಹಾಕುವ ದಂಡಕ್ಕಿಂತ ಮುಂಚೆಯೇ ಬಳಿಯುವ ಒಂದು ಡಬ್ಬಿ ಬಣ್ಣ ನಮಗೆ ಬೇಕು.

ಹೋದ ಭಾನುವಾರ ನಾನೂ ಟೀ ಅಂಗಡಿಯವರೂ ಸೇರಿ ಆ ಹಂಪ್ಸ್‌ಗೆ ಸುಣ್ಣ ಬಳಿದೆವು. ಶಾಲೆಯ ನಾಲ್ಕೈದು ಮಕ್ಕಳು ಬಕೆಟ್ ಹಿಡಿದರು. ಕಾಲು ಎಳೆದು ನಡೆಯುವ ಆ ಹುಡುಗಿಯೂ ಬಂದಿದ್ದಳು. ರಸ್ತೆ ಬದಿಯಲ್ಲಿ ನಿಂತು, ಬರುವ ಗಾಡಿಗಳಿಗೆ ನಿಧಾನ ನಿಧಾನ ಅಂತ ಕೈ ತೋರಿಸುತ್ತಿದ್ದಳು. ಸಂಜೆ ಕತ್ತಲಾದ ಮೇಲೆ ದೂರದಿಂದ ಲೈಟ್ ಬಿಟ್ಟು ನೋಡಿದೆವು, ಚೆನ್ನಾಗಿ ಕಾಣುತ್ತಿತ್ತು.

ಆದರೆ ಅದು ಸುಣ್ಣ ಸಾರ್. ಒಂದು ಜೋರು ಮಳೆ ಬಂದರೆ ತೊಳೆದು ಹೋಗುತ್ತದೆ. ಮೃಗಶಿರ ಮಳೆ ಶುರುವಾಗುವ ಮುಂಚೆ ನಿಮ್ಮವರನ್ನು ಒಮ್ಮೆ ಕಳಿಸಿಕೊಡಿ.

ಇಂತಿ,
ತಿಪಟೂರು ತಾಲ್ಲೂಕಿನ ಒಬ್ಬ ಕಾರು ಮಾಲೀಕ