ಮಂಡ್ಯದ ಸಂಸದರಿಗೆ: ನಿಲ್ಲಿಸುವ ತಾರೀಖು ಹೇಳಿದರೆ ಸಾಲದು

ಮಾನ್ಯ ಸಂಸದರೇ, ನಮಸ್ಕಾರ.

ನಾನು ಮದ್ದೂರು ಕಡೆಯ ಭತ್ತದ ರೈತ. ಬರೆಯುತ್ತಿರುವುದು ಕಲ್ಲಿದ್ದಲಿನ ಬಗ್ಗೆ, ಆದರೆ ನಮ್ಮ ಗದ್ದೆಗೆ ಕೆ.ಆರ್.ಎಸ್. ನೀರು ತರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಿಂದಲೇ ಶುರು ಮಾಡಬೇಕು.

ಒಂದು ಬೇಸಿಗೆಯಲ್ಲಿ, ಇನ್ನು ಹದಿನೈದು ದಿನಕ್ಕೆ ನಾಲೆ ನಿಲ್ಲುತ್ತೆ ಅಂತ ಸುದ್ದಿ ಬಂತು. ನೀರು ಉಳಿಯಲಿ ಅಂತಲೇ ಆ ತೀರ್ಮಾನ. ಅವತ್ತು ರಾತ್ರಿಯಿಂದಲೇ ತೂಬಿನ ಹತ್ತಿರ ಟಾರ್ಚ್ ಬೆಳಕು. ನೀರು ನಿಂತಿದ್ದ ಗದ್ದೆಗೂ ಮತ್ತೆ ನೀರು ಬಿಟ್ಟುಕೊಂಡರು, ನಾನೂ ಬಿಟ್ಟುಕೊಂಡೆ, ಬದು ಒಡೆದು ಹಳ್ಳಕ್ಕೆ ಹರಿಯುತ್ತಿದ್ದರೂ ತೂಬು ಮುಚ್ಚೋಕೆ ಯಾರಿಗೂ ಮನಸ್ಸು ಬರಲಿಲ್ಲ. ನಾಲೆಯ ಕೊನೇ ಭಾಗದವರ ಪೈರು ಒಣಗಿತು.

ಕಲ್ಲಿದ್ದಲು, ತೈಲ ತೆಗೆಯುವವರೂ ಹೀಗೇ ಅಲ್ವಾ? ಮುಂದೆ ನಿಮ್ಮ ಸರಕು ಯಾರಿಗೂ ಬೇಡ ಅಂದರೆ, ಇವತ್ತೇ ಜಾಸ್ತಿ ಅಗೆದು ಮಾರುತ್ತಾರೆ. ಜರ್ಮನಿಯ ಅರ್ಥಶಾಸ್ತ್ರಜ್ಞ ಹಾನ್ಸ್-ವರ್ನರ್ ಸಿನ್ 2008ರಲ್ಲೇ ಇದಕ್ಕೆ 'ಹಸಿರು ವಿರೋಧಾಭಾಸ' ಅಂತ ಹೆಸರಿಟ್ಟರು.

2021ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಹವಾಮಾನ ಸಮ್ಮೇಳನದಲ್ಲಿ ನಮ್ಮ ಪ್ರಧಾನಿ 2070ಕ್ಕೆ ನಿವ್ವಳ ಶೂನ್ಯ ಅಂದರು, ಅಂದರೆ ಗಾಳಿಗೆ ಬಿಡುವಷ್ಟೇ ಇಂಗಾಲವನ್ನು ವಾಪಸ್ ಹೀರಿಕೊಳ್ಳುವ ಸ್ಥಿತಿ. ಆ ವರ್ಷ ದೇಶದಲ್ಲಿ ತೆಗೆದ ಕಲ್ಲಿದ್ದಲು ಸುಮಾರು 78 ಕೋಟಿ ಟನ್. 2024-25ರಲ್ಲಿ ಅದು 100 ಕೋಟಿ ಟನ್ ದಾಟಿತು. ಇದೆಲ್ಲ ಆ ಮಾತಿನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಕರೆಂಟಿನ ಬೇಡಿಕೆ ಏರಿದ್ದು ದೊಡ್ಡ ಕಾರಣ. ಆದರೆ ಸುಮಾರು ಐವತ್ತು ವರ್ಷ ಆಚೆಯ ತಾರೀಖು ಇವತ್ತಿನ ಅಗೆತವನ್ನು ತಡೆಯಲಿಲ್ಲ ಅನ್ನುವುದಂತೂ ಕಣ್ಣೆದುರಿಗಿದೆ.

ಇವತ್ತೇ ಬಿಸಿ ಮುಟ್ಟಿಸುವ ಒಂದು ದಾರಿ ನಮ್ಮ ಹತ್ತಿರ ಇತ್ತು. ಕಲ್ಲಿದ್ದಲಿನ ಮೇಲೆ 2010ರಲ್ಲಿ ಟನ್ನಿಗೆ 50 ರೂಪಾಯಿ ಇದ್ದ ಸೆಸ್, ಅಂದರೆ ಮೇಲ್ತೆರಿಗೆ, 2016ಕ್ಕೆ 400 ಆಯಿತು. ಮರುವರ್ಷ ಆ ದುಡ್ಡನ್ನು ರಾಜ್ಯಗಳ ಜಿಎಸ್‌ಟಿ ನಷ್ಟ ತುಂಬೋಕೆ ತಿರುಗಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಸೆಸ್ಸೇ ಹೋಯಿತು, ಬದಲಿಗೆ ಜಿಎಸ್‌ಟಿ 5ರಿಂದ 18 ಪರ್ಸೆಂಟ್ ಆಯಿತು. ಗಣಿ ಮುಚ್ಚಿದ ಮೇಲೆ ಅಲ್ಲಿನ ಕೂಲಿಯವರ ಗತಿಗೆ ಅಂತಲೇ ಇಂಥ ದುಡ್ಡು ಎತ್ತಿಡಬೇಕಿತ್ತು. ನನಗೆ ತುಂಬಾ ಬೇಜಾರಾಗುವುದು ಇಲ್ಲೇ.

ನಮ್ಮಲ್ಲಿ ಕಟ್ಟು ನೀರಿನ ಪದ್ಧತಿ ಇದೆ, ನಿಮಗೆ ಗೊತ್ತು. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ನಮ್ಮ ಸರದಿ ಬಂದೇ ಬರುತ್ತೆ ಅನ್ನುವ ನಂಬಿಕೆ ಇದ್ದರೆ ರಾತ್ರಿ ತೂಬಿನ ಹತ್ತಿರ ಯಾರೂ ಹೋಗುವುದಿಲ್ಲ. ಕಲ್ಲಿದ್ದಲಿಗೂ ಹಾಗೇ ವರ್ಷಕ್ಕೆ ಇಷ್ಟೇ ಅಂತ ಮಿತಿ ಇರಲಿ, ವರ್ಷ ವರ್ಷ ಇಳಿಯಲಿ.

ಮುಂದಿನ ಅಧಿವೇಶನದಲ್ಲಿ ದಯವಿಟ್ಟು ಒಂದು ಪ್ರಶ್ನೆ ಕೇಳಿ: 2021ರಿಂದ ಎಷ್ಟು ಹೊಸ ಗಣಿಗಳಿಗೆ ಅನುಮತಿ ಕೊಟ್ಟಿದ್ದೀರಿ, ಅವು ಯಾವ ವರ್ಷದ ತನಕ ಅಗೆಯುತ್ತವೆ?

ಇಂತಿ,
ಮದ್ದೂರು ತಾಲ್ಲೂಕಿನ ಒಬ್ಬ ರೈತ